ಕಳಕಮ್ಮನ ಮನೆಗೆ ಹೋದ ಬುತ್ತಿ

ನನ್ನ ಗಂಡ ರಫೀ ಪುಣೆಯ ದೊಡ್ಡ ಹೋಟೆಲೊಂದರಲ್ಲಿ ಹೆಡ್ ಶೆಫ್ ಆಗಿದ್ದ. ಎದುರಿಗೆ ಅವನಿಗೆ ‘ನೀವು’ ಎಂದೇ ಅನ್ನುತ್ತೇನೆ. ಬರೆಯಲು ಕೂತರೆ ಮಾತ್ರ ಏಕವಚನ ಬರುತ್ತದೆ, ಯಾಕೆಂದರೆ ಆ ದಿನದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಕೆಲಸ ಬಿಟ್ಟು ಕಾರಲಗುಂಡಿಗೆ ಹೋಗೋಣ ಎಂದು ಅವನು ಹೇಳಿದಾಗ ನಾನು ಬೇಡವೆಂದೆ. ಕಾರಲಗುಂಡಿ ಅವನ ಹುಟ್ಟೂರು, ಕನಕಗಿರಿಯಿಂದ ಒಳಗೆ. ನಾನು ಗಂಗಾವತಿಯವಳು. ಹೋಟೆಲ್ ಹಾಕುವುದೇ ಆದರೆ ಗಂಗಾವತಿಯಲ್ಲಿ ಹಾಕೋಣ, ಅಲ್ಲಿ ರೈಸ್ ಮಿಲ್ಲಿನವರಿದ್ದಾರೆ, ಲಾರಿಯವರಿದ್ದಾರೆ, ಬರೀ ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ ಮಾಡಿದರೂ ಜನ ಸಾಲುಗಟ್ಟುತ್ತಾರೆ ಎಂದೆ. ಅವನ ಕಿವಿಗೆ ಅದು ಬೀಳಲೇ ಇಲ್ಲ.

ಅವನ ತಲೆಯಲ್ಲಿ ಕೂತಿದ್ದು ಒಂದು ಎಮ್ಮೆ. ಹಿಂದಿನ ಬಕ್ರೀದ್‌ಗೆ ಊರಿಗೆ ಹೋದಾಗ ಹಿತ್ತಲಲ್ಲಿ ಆ ಎಮ್ಮೆ ನನ್ನ ಮಾವ ಮಕ್ಬುಲಸಾಬರ ತಾಮ್ರದ ದೇಗಿನಲ್ಲಿ ಬಾಯಿ ಹಾಕಿ ಮುಸುರೆ ಕುಡಿಯುತ್ತಿತ್ತು. ಮಾವ ಊರಿನ ಬಾವರ್ಚಿ. ಆ ದೇಗಿನಲ್ಲಿ ಸುತ್ತಲಿನ ಹಳ್ಳಿಗಳ ಮದುವೆ, ಜವಳ, ಗೃಹಪ್ರವೇಶಗಳಿಗೆಲ್ಲ ಅಡುಗೆ ಮಾಡಿದವರು. ರಫೀ ಎಮ್ಮೆಯನ್ನು ಅಟ್ಟಿ, ಬೂದಿ ಹುಣಸೆಹಣ್ಣು ಹಚ್ಚಿ ದೇಗನ್ನು ತಿಕ್ಕತೊಡಗಿದ. ಮಾವ ಹೊರಸಿನ ಮೇಲಿನಿಂದ ಏಳಲಿಲ್ಲ.

“ತಿಕ್ಕಿ ಏನ್ ಮಾಡ್ತಿ? ಒಂದ್ ಮನಿ ಅಡಿಗಿ ಮಾಡಿದ್ರ ಇನ್ನೊಂದ್ ಮನಿ ಬಾಗಲಾ ಮುಚ್ತೈತಿ. ಅದಕ ನಾ ಸೌಟ ಕೆಳಗಿಟ್ಟೆ” ಎಂದರು.

ಅವರು ಹೇಳಿದ್ದು ಓಬಳೆಪ್ಪ ಮತ್ತು ಪಕ್ಕೀರಪ್ಪರ ಮನೆಗಳ ಮಾತು. ಇಬ್ಬರೂ ಒಕ್ಕಲಿಗರು, ಹೊಲಕ್ಕೆ ಹೊಲ ಹತ್ತಿದವರು, ಹುಡುಗರಿದ್ದಾಗಿನಿಂದ ದೋಸ್ತರು. ಬಿತ್ತನೆಗೆ ಇವನ ಎತ್ತು ಅವನ ಹೊಲಕ್ಕೆ, ರಾಶಿಗೆ ಅವನ ಆಳು ಇವನ ಕಣಕ್ಕೆ. ಪಂಚಾಯ್ತಿ ಇಲೆಕ್ಷನ್‌ಗೆ ಓಬಳೆಪ್ಪ ನಿಂತ, ಸೋತ. ಪಕ್ಕೀರಪ್ಪನೇ ಕೈಕೊಟ್ಟ ಎಂದು ಯಾರೋ ಕಿವಿಯೂದಿದರು, ಇವನು ನಂಬಿದ. ನನ್ನನ್ನು ಒಂದು ಮಾತು ಕೇಳದೆ ನಂಬಿದನಲ್ಲ ಎಂದು ಪಕ್ಕೀರಪ್ಪನೂ ಮುಖ ತಿರುಗಿಸಿದ. ಅಲ್ಲಿಂದ ನಾಲ್ಕು ವರ್ಷ ಊರಿಗೆ ಎರಡು ಚಹಾದಂಗಡಿ, ಎರಡು ಹಿಟ್ಟಿನ ಗಿರಣಿ, ಎರಡು ವಾಟ್ಸಾಪ್ ಗ್ರೂಪು. ಎರಡೂ ಓಣಿಯಲ್ಲಿ ಧೈರ್ಯವಾಗಿ ತಿರುಗಾಡುತ್ತಿದ್ದವು ನಾಯಿಗಳು ಮಾತ್ರ.

ರಫೀ ಚಿಕ್ಕಂದಿನಲ್ಲಿ ಎರಡೂ ಮನೆಯಲ್ಲಿ ಉಂಡು ಬೆಳೆದವನು. ಪುಣೆಯಲ್ಲಿ ವರ್ಷಗಟ್ಟಲೆ ಗೋಡೆಯ ಹಿಂದೆ ನಿಂತು ಬೇಯಿಸಿದ. ಅಡುಗೆ ತಟ್ಟೆಯಲ್ಲಿ ಹೋಗುತ್ತಿತ್ತು, ತಟ್ಟೆ ಖಾಲಿಯಾಗಿ ಬರುತ್ತಿತ್ತು, ಉಂಡವರ ಮುಖ ಅವನು ಕಂಡಿದ್ದಿಲ್ಲ. ಈಗ ಅವನಿಗೆ ಹಿಡಿದಿದ್ದು ಒಂದೇ ಹಟ. ಓಬಳೆಪ್ಪ, ಪಕ್ಕೀರಪ್ಪ ಒಂದೇ ಸಾಲಿನಲ್ಲಿ ಕೂತು ತನ್ನ ಕೈಯ ಅಡುಗೆ ಉಣ್ಣಬೇಕು, ತಾನು ಬಡಿಸುತ್ತ ನೋಡಬೇಕು. ಅದೊಂದು ಆದರೆ ಉಳಿದಿದ್ದೆಲ್ಲ ಆಗುತ್ತದೆ, ಆಗದಿದ್ದರೆ ಈ ಊರಿನಲ್ಲಿ ಇರುವುದು ಬೇಡ ಎಂದ. ಇಂಥ ಮನುಷ್ಯನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಪುಣೆಯ ಮನೆ ಖಾಲಿ ಮಾಡಿ ಬಂದೆವು.

ಬಸ್ ಸ್ಟ್ಯಾಂಡಿನ ಆಚೆ, ಎರಡೂ ಓಣಿಗೆ ಸೇರದ ಜಾಗದಲ್ಲಿ ಖಾನಾವಳಿ ಎದ್ದಿತು. ದೊಡ್ಡ ಗ್ಯಾಸ್ ಒಲೆಗಳು ಬಂದವು. ಪುಣೆಯಿಂದ ಒಂದು ಎಕ್ಸಾಸ್ಟ್ ಫ್ಯಾನನ್ನೂ ತಂದಿದ್ದ, ಬಂಡಿಗಾಲಿಯಷ್ಟು ದೊಡ್ಡದು. ರಸ್ತೆಯ ಕಡೆ ಹಾಕಿದರೆ ಧೂಳು ಒಳಗೆ ಬರುತ್ತದೆಂದು ಊರಿನ ಕಡೆಯ ಗೋಡೆ ಒಡೆಸಿ ಕೂರಿಸಿದ. ಬಂದವರಿಗೆಲ್ಲ ಅದನ್ನು ಹಚ್ಚಿ ಆರಿಸಿ ತೋರಿಸುತ್ತಿದ್ದ. ಕೊನೆಗೆ ನಾನೇ ಬೈದು ಬಿಡಿಸಿದೆ.

ಮೊದಲ ದಿನ ಊರಿಗೆಲ್ಲ ಊಟ ಹಾಕುವುದೆಂದು ಮನೆಮನೆಗೆ ಹೋಗಿ ಕರೆದೆವು. ಓಬಳೆಪ್ಪ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ, “ಅವ ಬರ್ತಾನೇನು?” ಎಂದು ಕೇಳಿದ.

“ನೀವ್ ಬರ್ರಿ ಮಾವ” ಎಂದ ರಫೀ.

ಒಳಗಿನಿಂದ ಓಬಳೆಪ್ಪನ ತಾಯಿ ಕಳಕಮ್ಮ ಕೂಗಿದಳು. ತೊಂಬತ್ತರ ಹತ್ತಿರದ ಮುದುಕಿ, ದನಿ ಮಾತ್ರ ಗಂಟೆ ಹೊಡೆದ ಹಾಗೆ. “ನಾ ಬರ್ತೀನಿ ಬಿಡೋ ರಫ್ಯಾ! ಇವನ್ನ ಕರದೇನು, ಇವ ತನ್ನ ಮೂಗಿನ ಮ್ಯಾಲಿನ ನೊಣಾನೂ ಹೊಡ್ಯಾವಲ್ಲ. ನನಗ ಹಲ್ಲಿಲ್ಲ, ನುಚ್ಚ ಮೆತ್ತಗ ಮಾಡು.”

ಪಕ್ಕೀರಪ್ಪನ ಮನೆಗೆ ಹೋದರೆ ಅವನೂ ಅದನ್ನೇ ಕೇಳಿದ. ರಫೀ ಅವನಿಗೂ “ನೀವ್ ಬರ್ರಿ ಕಾಕಾ” ಎಂದ. ಪಕ್ಕೀರಪ್ಪನ ಹೆಂಡತಿ ದುರಗಮ್ಮ ಗಂಡನ ಹಿಂದೆ ನಿಂತು, ಬರುತ್ತೇವೆ ಎಂದು ನನಗೆ ಕಣ್ಣಿನಲ್ಲೇ ಹೇಳಿದಳು.

ಊಟದ ದಿನ ಕತ್ತಲಿರುವಾಗಲೇ ಒಲೆ ಹಚ್ಚಿದೆವು. ಮಟನ್ ಇಟ್ಟಿರಲಿಲ್ಲ, ಎಲ್ಲರೂ ಉಣ್ಣಲಿ ಎಂದು. ಜೋಳದ ನುಚ್ಚು, ತೊಗರಿಬೇಳೆ, ಎಣ್ಣೆಗಾಯಿ, ಗೋಧಿ ಹುಗ್ಗಿ, ಹಿಂದಿನ ದಿನ ಬಡಿದಿಟ್ಟ ಸಜ್ಜೆ ರೊಟ್ಟಿ. ನುಚ್ಚು ಬೆಂದು ಇಳಿದಿತ್ತು, ಬೇಳೆ ಕುದಿಯುತ್ತಿತ್ತು. ಆಗ ಮಾವ ಬಂದು ಬಾಗಿಲಲ್ಲಿ ನಿಂತರು.

“ರಫೀ, ಒಲಿ ಆರಸು. ಕಳಕಮ್ಮ ಹ್ವಾದ್ಲು.”

ಬೆಳಗಿನ ಜಾವ ನೀರು ಕೇಳಿದಳಂತೆ, ಸೊಸೆ ತರುವಷ್ಟರಲ್ಲಿ ಮುಗಿದಿತ್ತಂತೆ. ಮೊನ್ನೆಯಷ್ಟೇ ಮೆತ್ತಗಿನ ನುಚ್ಚು ಕೇಳಿದವಳು.

“ಎಷ್ಟೊತ್ತಿಗೆ ಎತ್ತತಾರ?” ಎಂದು ಕೇಳಿದ ರಫೀ.

“ಮೊಮ್ಮಗಳು ಯಲಬುರ್ಗಾದಿಂದ ಬರಬೇಕು. ಹೊತ್ತು ಇಳದ ಮ್ಯಾಲ.”

ನಮ್ಮ ಕಡೆ ಊರಿನಲ್ಲಿ ಹೆಣ ಇರುವ ತನಕ ಯಾರೂ ಒಲೆ ಹಚ್ಚುವುದಿಲ್ಲ. ಜಗಳವಿರಲಿ, ಜಾತಿ ಬೇರೆಯಿರಲಿ, ಇದಕ್ಕೆ ಮಾತ್ರ ಎಲ್ಲರೂ ತಲೆಬಾಗುತ್ತಾರೆ. ಕೂಸುಗಳಿಗೂ ರಾತ್ರಿಯ ರೊಟ್ಟಿಯೇ ಗತಿ. ರಫೀಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಅವನು ಬೇಳೆಯನ್ನು ನೋಡಿದ, ಹೆಚ್ಚಿ ನೀರಿಗೆ ಹಾಕಿದ್ದ ಬುಟ್ಟಿಗಟ್ಟಲೆ ಬದನೆಕಾಯಿಯನ್ನು ನೋಡಿದ. ಅವನೊಳಗಿನ ಪುಣೆಯ ಶೆಫ್ ಎದ್ದು ಕೂತ.

“ಅಬ್ಬಾಜಾನ್, ಇದು ಗ್ಯಾಸು, ಹೊಗಿ ಬರಾಂಗಿಲ್ಲ. ನಾವು ಊರ ಹೊರಗ ಅದೀವಿ. ಅಡಿಗಿ ಮುಗಿಸಿ ಮುಚ್ಚಿಡ್ತೀನಿ. ಮಣ್ಣ ಮುಗದ ಮ್ಯಾಲ ಮಂದಿ ಹಸದಿರ್ತಾರ, ಆವಾಗ ಹಾಕೋಣು.”

ಮಾವ ಅವನನ್ನು ಒಂದು ಸಲ ನೋಡಿ, ಟೊಪ್ಪಿಗೆ ಸರಿಮಾಡಿಕೊಂಡು ಸತ್ತ ಮನೆಗೆ ನಡೆದರು.

“ಹಿರ್‍ಯಾರು ಹೇಳಿದ್ದು ಕೇಳ್ರಿ. ಆರಿಸ್ರಿ” ಎಂದೆ.

“ಇಷ್ಟ ಮಂದಿ ಅಡಿಗಿ ಚೆಲ್ಲಲೇನ?” ಎಂದು ನನ್ನ ಮೇಲೆಯೇ ಹರಿಹಾಯ್ದ. ಹಾಯ್ದವನೇ ಬಾಣಲೆಯಲ್ಲಿ ಎಣ್ಣೆ ಕಾಸಿ, ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಚೆಲ್ಲಿ, ಬದನೆಕಾಯಿ ಸುರಿದ. ಚುಂಯ್ ಎಂದು ಘಾಟೆದ್ದಿತು. ನನಗೆ ಕೆಮ್ಮು ಬಂತು. ನಾನು ಕೆಮ್ಮದಿರಲಿ ಎಂದು ಅವನು ಕೈ ಎತ್ತಿ ಫ್ಯಾನ್ ಹಚ್ಚಿದ.

ಹೊಗೆ ಬರುವುದಿಲ್ಲ ಎಂದ ಮಹಾಶಯ, ಇಡೀ ಬಾಣಲೆಯ ಒಗ್ಗರಣೆಯ ವಾಸನೆಯನ್ನು ಬಂಡಿಗಾಲಿಯಷ್ಟು ದೊಡ್ಡ ಫ್ಯಾನಿನಿಂದ ಊರಿನ ಮೇಲೆ ಊದಿದ. ಓಬಳೆಪ್ಪನ ಕಟ್ಟೆಯ ಮೇಲೆ ಕಳಕಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹೂವು ಏರಿಸಿ ಭಜನೆ ಹಚ್ಚಿದ್ದರು. ಅಲ್ಲಿಗೆ ಬೆಳ್ಳುಳ್ಳಿ ಒಗ್ಗರಣೆಯ ಘಮ ಹೋಯಿತು. ಭಜನೆಯವರು ತಾಳ ನಿಲ್ಲಿಸಿ ಮೂಗೆತ್ತಿ ನೋಡಿದರೆಂದು ಆಮೇಲೆ ಕೇಳಿದೆ.

ಮೊದಲು ಬಂದವಳು ದುರಗಮ್ಮ. ಹಿಂದೆ ಅವಳ ಓಣಿಯ ಹೆಂಗಸರು. “ಏನೋ ರಫ್ಯಾ, ನಿನಗ ಬುದ್ಧಿ ಐತೇನು? ನಮ್ಮ ಹುಡುಗ್ರು ಮುಂಜಾನಿಂದ ಹಸದ ಕುಂತಾವ. ನಾವು ಒಲಿ ಹಚ್ಚದ ಕುಂತೀವಿ. ನೀ ಇಲ್ಲಿ ಒಗ್ಗರಣಿ ಹಾಕ್ಕೋತ ನಿಂತಿಯೇನು?”

ಅವಳ ಮಾತು ಮುಗಿಯುವ ಮೊದಲೇ ಓಬಳೆಪ್ಪನ ಕಡೆಯ ಗಂಡಸರು ಬಂದರು. ಅವರ ನಡುವೆ ಹೆಗಲ ಮೇಲಿನ ಟವೆಲ್ಲೂ ಇಲ್ಲದೆ ಓಬಳೆಪ್ಪನೇ ಬಂದಿದ್ದ. ರಫೀಯನ್ನು ನೋಡಿದ, ಒಲೆಯನ್ನು ನೋಡಿದ, ಬಂದ ದಾರಿಯಲ್ಲೇ ತಿರುಗಿ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಬೈಯುವ ಕೆಲಸವನ್ನು ಉಳಿದವರು ಮಾಡಿದರು. ನಾಲ್ಕು ವರ್ಷ ಒಂದೇ ನೆರಳಲ್ಲಿ ನಿಲ್ಲದ ಎರಡು ಓಣಿಯ ಜನ ನಮ್ಮ ಬಾಗಿಲಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರು. ದುರಗಮ್ಮ ಅರ್ಧಕ್ಕೆ ಬಿಟ್ಟ ಮಾತನ್ನು ಓಬಳೆಪ್ಪನ ತಮ್ಮ ಪೂರ್ತಿ ಮಾಡಿದ, ಅವನು ಉಸಿರು ತೆಗೆದುಕೊಳ್ಳಲು ನಿಂತರೆ ಈ ಹೆಂಗಸರು ಮುಂದುವರಿಸಿದರು. ಊರನ್ನು ಒಂದು ಮಾಡುತ್ತೇನೆ ಎಂದವನು ಕೊನೆಗೂ ಒಂದು ಮಾಡಿದ್ದ. ನನಗೆ ಒಂದು ಗಳಿಗೆ ನಗೆ ಬಂತು, ಮರುಗಳಿಗೆ ಗಂಡನ ಮುಖ ನೋಡಿ ಕಣ್ಣು ತುಂಬಿದವು.

ರಫೀ ಗ್ಯಾಸ್ ತಿರುವಿದ. ಫ್ಯಾನಿನ ವಾಯರನ್ನು ಕಿತ್ತು ಬಿಸಾಡಿದ. ಎಣ್ಣೆಗಾಯಿ ಬಾಣಲೆಯಲ್ಲೇ ಅರೆಬೆಂದು ಕಪ್ಪಾಯಿತು. ಮಂದಿ ಹೋದ ಮೇಲೆ ಜೋಳದ ಚೀಲದ ಮೇಲೆ ಕುಸಿದು ಕೂತು, “ನಾಳೆ ಪುಣೆಗೆ ಫೋನ್ ಮಾಡ್ತೀನಿ. ಕೆಲಸಾ ಕೇಳ್ತೀನಿ” ಎಂದ. ಪುಣೆಗೆ ವಾಪಸ್ಸು ಹೋಗೋಣ ಎಂಬ ಮಾತಿಗಾಗಿ ನಾನು ಎಷ್ಟು ಕಾದಿದ್ದೆ. ಈಗ ಅದು ಬಂದರೆ ಸಂತೋಷವೇ ಆಗಲಿಲ್ಲ.

ಹೊತ್ತು ಇಳಿದ ಮೇಲೆ ಕಳಕಮ್ಮನನ್ನು ಎತ್ತಿದರು. ರಫೀ ಹೋದ, ಜನರ ಹಿಂದೆ ನಿಂತು ಮಣ್ಣು ಹಾಕಿ ಬಂದ. ಮಾವ ಬರುವುದು ಇನ್ನೂ ತಡವಾಯಿತು. ಬಂದವರು ಕೈಕಾಲು ತೊಳೆದು ಚೀಲದ ಮೇಲೆ ಮಗನ ಪಕ್ಕಕ್ಕೇ ಕೂತರು.

“ಓಬಳೆಪ್ಪನ ಮನಿಗೆ ಬುತ್ತಿ ಬಂದಿಲ್ಲ” ಎಂದರು.

ಸತ್ತ ಮನೆಯವರು ಮಣ್ಣು ಮುಗಿಸಿ ಬಂದ ಮೇಲೆ ಮೊದಲ ತುತ್ತು ತಮ್ಮ ಒಲೆಯದನ್ನು ಉಣ್ಣುವುದಿಲ್ಲ. ನೆಂಟರಲ್ಲದ ಒಂದು ಮನೆಯಿಂದ ಬುತ್ತಿ ಬರಬೇಕು. ಓಬಳೆಪ್ಪನ ಮನೆಗೆ ಮೂರು ತಲೆಮಾರಿನಿಂದ ಪಕ್ಕೀರಪ್ಪನ ಮನೆಯದು, ಪಕ್ಕೀರಪ್ಪನ ಮನೆಗೆ ಓಬಳೆಪ್ಪನದು. ಬುತ್ತಿ ತಂದವನೇ ಮೊದಲ ತುತ್ತು ಬಾಯಿಗಿಡಬೇಕು. ಅದನ್ನು ಕೇಳಿ ತರಿಸಿಕೊಳ್ಳುವಂತಿಲ್ಲ. ಕೇಳುವ ಕಾಲ ಅಲ್ಲಿಯವರೆಗೆ ಬಂದಿರಲೂ ಇಲ್ಲ.

“ಪಕ್ಕೀರಪ್ಪ ಮಣ್ಣಿಗೆ ಬಂದಿದ್ದ. ದೂರ ಬೇವಿನಗಿಡದ ಕೆಳಗ ನಿಂತು ಹ್ವಾದ. ಅವನ ಮನ್ಯಾಗ ಒಲಿ ಹಚ್ಚಿಲ್ಲ. ಅಲ್ಲಿ ಓಬಳೆಪ್ಪ ಗ್ವಾಡಿಗೆ ಕುಂತಾನ. ಅವ ಉಣ್ಣೋತನಕ ಮನಿಮಂದಿ ನೀರೂ ಮುಟ್ಟಾಂಗಿಲ್ಲ.”

ರಫೀ ತಲೆಯೆತ್ತಿದ. “ನುಚ್ಚೈತಿ. ಬ್ಯಾಳಿ ಬೆಂದೈತಿ. ಒಗ್ಗರಣಿ ಹಾಕಿಲ್ಲ.”

ಸಾವಿನ ಬುತ್ತಿಗೆ ಒಗ್ಗರಣೆ ಹಾಕುವುದಿಲ್ಲ. ಬೆಳಗಿನಿಂದ ಎಡವಟ್ಟು ಮಾಡಿದವನ ಒಲೆಯ ಮೇಲೆ ಸರಿಯಾದ ಅಡುಗೆ ತಾನಾಗಿಯೇ ಕೂತಿತ್ತು.

“ನಾವ್ ಒಯ್ದ್ರ ಆಗಾಂಗಿಲ್ಲ” ಎಂದರು ಮಾವ. “ಅದು ಪಕ್ಕೀರಪ್ಪನ ಮನಿಂದ ಹೋಗಬೇಕು, ಅವನ ಕೈಲೆ.”

“ಹಂಗಾರ ಅವನ ಮನಿಗೇ ಒಯ್ತೀನಿ” ಎಂದು ರಫೀ ಬೇಳೆಯ ಡಬರಿಯನ್ನು ಬಿಸಿಮಾಡಿ ಹೊತ್ತುಕೊಂಡ. ನುಚ್ಚಿನ ಡಬರಿ ನಾನು ಹೊತ್ತೆ. ಮಾವ ಮುಂದೆ ನಡೆದರು.

ಪಕ್ಕೀರಪ್ಪ ತನ್ನ ಕಟ್ಟೆಯ ಮೇಲೆ ಕತ್ತು ಬಗ್ಗಿಸಿ ಕೂತಿದ್ದ. ನಾವು ಡಬರಿ ಇಳಿಸಿದ್ದನ್ನು ನೋಡಿ, “ಇದೇನು? ಮುಂಜಾನಿ ಮಾಡಿದ್ದು ಸಾಲಲಿಲ್ಲೇನು?” ಎಂದ.

“ತಪ್ಪಾತು ಕಾಕಾ. ಬಯ್ಯೂದಿದ್ರ ಬಯ್ರಿ. ಆದ್ರ ಇದನ್ನ ನೀವು ಹೊರಬೇಕು” ಎಂದ ರಫೀ.

“ನಾನು? ನಾಕ ವರ್ಷ ಅಂವ ನನ್ನ ಮಾರಿ ನೋಡಿಲ್ಲ. ಅಂವಗ ನಾ ತುತ್ತ ಇಡಬೇಕೇನು? ಬಾಯಿ ತಗೀಲಿಲ್ಲಂದ್ರ? ಎಲ್ಲಾರ ಮುಂದ ಮಾರಿ ಹೊಳ್ಳಿಸಿದ್ರ?”

ಅವನ ಭಯ ಅದಾಗಿತ್ತು. ಬಾಗಿಲಲ್ಲಿ ದುರಗಮ್ಮ ನಿಂತಿದ್ದಳು. ಅವಳ ಹಿಂದೆ ಮೊರದಲ್ಲಿ ಹಸನು ಮಾಡಿಟ್ಟ ನುಚ್ಚು ನನಗೆ ಕಂಡಿತು. ಗಂಡ ಹೂಂ ಎನ್ನಲಿ, ಒಲೆ ಹಚ್ಚುತ್ತೇನೆ ಎಂದು ಕಾದು ಕೂತಿದ್ದಾಳೆ ಪಾಪ.

“ಚಿಗವ್ವಾ, ನೀವರ ಹೇಳ್ರಿ” ಎಂದೆ.

“ನಾ ಏನ್ ಹೇಳ್ಲಿ ತಂಗಿ, ಮುಂಜಾನಿಂದ ಹೇಳಿ ಬಾಯಿ ಒಣಗೇತಿ” ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಮಾವ ಕಟ್ಟೆಯ ಮೇಲೆ ಕೈಯೂರಿ ಪಕ್ಕೀರಪ್ಪನ ಪಕ್ಕ ಕೂತರು. “ಪಕ್ಕೀರಪ್ಪ, ನಿಮ್ಮಪ್ಪ ಸತ್ತಾಗ ನೀ ಇನ್ನೂ ಮೀಸಿ ಮೂಡದ ಹುಡುಗ. ಹಲ್ಲ ಬಿಗಿಹಿಡದಿದ್ದಿ. ಯಾರು ಹೇಳಿದ್ರೂ ತುತ್ತ ತಗೋಲಿಲ್ಲ. ಕಳಕಮ್ಮ ಏನ್ ಮಾಡಿದ್ಲು, ನೆನಪೈತೇನು?”

ಪಕ್ಕೀರಪ್ಪ, “ಮೂಗ ಹಿಡದ್ಲು” ಎಂದ. “ಉಸುರ ಕಟ್ಟಿ ಬಾಯಿ ತಗದೆ. ತುತ್ತ ತುರಕಿದ್ಲು.”

ಹೇಳಿ ಎದ್ದ. ಟವೆಲ್ಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡ. ರಫೀ ಬೇಳೆಯ ಡಬರಿ ಎತ್ತಿ ಏರಿಸಿದ. ನುಚ್ಚಿನ ಡಬರಿ ದುರಗಮ್ಮ ನನ್ನ ಕೈಯಿಂದ ಕಿತ್ತುಕೊಂಡಳು. ಅವರು ಮುಂದೆ, ನಾವು ಹಿಂದೆ. ಆ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು, ಜನ ಹೊರಗೆ ಬಂದು ಹಿಂದೆ ಹಿಂದೆ ನಡೆದರು. ಯಾರೂ ಯಾರನ್ನೂ ಕರೆಯಲಿಲ್ಲ.

ಓಬಳೆಪ್ಪನ ಮನೆಯೊಳಗೆ ದೀಪ ಹಚ್ಚಿದ್ದರು. ಅವನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲ ಎಂದು ಹೆಂಗಸರು ಪಿಸುಗುಡುತ್ತಿದ್ದರು. ಪಕ್ಕೀರಪ್ಪ ಡಬರಿ ಇಳಿಸಿದ್ದನ್ನು ಅವನು ನೋಡಿದ, ತಲೆ ತಗ್ಗಿಸಿದ. ಪಕ್ಕೀರಪ್ಪ ಗಂಗಾಳಕ್ಕೆ ನುಚ್ಚು ಹಾಕಿ, ಬೇಳೆ ಸುರಿದು ಕಲಸಿದ. ತುತ್ತು ಮಾಡಿ ಓಬಳೆಪ್ಪನ ಬಾಯಿಯ ಮುಂದೆ ಹಿಡಿದ.

ಓಬಳೆಪ್ಪ ಬಾಯಿ ತೆರೆಯಲಿಲ್ಲ.

ತುತ್ತಿನ ಬೇಳೆ ಪಕ್ಕೀರಪ್ಪನ ಮುಂಗೈಗೆ ಇಳಿಯಿತು. ಅವನು ಕೈ ತೆಗೆಯಲಿಲ್ಲ. ಕೈ ಸೋತು ತುಸು ಕೆಳಗಾದಾಗ ಓಬಳೆಪ್ಪ ತಾನೇ ಮುಂದಕ್ಕೆ ಬಾಗಿ ತುತ್ತು ತೆಗೆದುಕೊಂಡ. ಅಗಿದ. ನುಂಗಿದ.

“ಉಪ್ಪಿಲ್ಲ” ಎಂದ.

ನಾಲ್ಕು ವರ್ಷಗಳ ಮೇಲೆ ಅವನು ಗೆಳೆಯನಿಗೆ ಆಡಿದ ಮೊದಲ ಮಾತು ಅದು. ಪಕ್ಕೀರಪ್ಪನ ಮುಖ ಕೆಂಪಾಯಿತು. “ಇಷ್ಟ ದಿನದ ಮ್ಯಾಲ ಬಂದ್ರ ನಿನಗ ಉಪ್ಪಿಂದ ಆತೇನು?” ಎನ್ನುತ್ತ ಅದೇ ಗಂಗಾಳದಿಂದ ಒಂದು ತುತ್ತು ಎತ್ತಿ ತನ್ನ ಬಾಯಿಗೇ ಹಾಕಿಕೊಂಡ. ಅಗಿಯುತ್ತ ಅಗಿಯುತ್ತ ಅವನ ದವಡೆ ನಿಂತಿತು.

“ಇಲ್ಲ” ಎಂದ. “ಹೌದು ಬಿಡು, ಇಲ್ಲ.”

ಇಬ್ಬರೂ ಒಟ್ಟಿಗೆ ತಿರುಗಿ ರಫೀಯನ್ನು ನೋಡಿದರು. ರಫೀ ಬೇಳೆಗೆ ಉಪ್ಪು ಹಾಕುವುದು ಕೊನೆಗೆ, ಒಗ್ಗರಣೆಯ ಜೊತೆಗೆ. ಒಗ್ಗರಣೆಯೇ ನಿಂತ ಮೇಲೆ ಉಪ್ಪು ಎಲ್ಲಿಂದ ಬರಬೇಕು? ಸತ್ತ ಮನೆಯವರಿಗಿಂತ ಮೊದಲು ಬುತ್ತಿಯ ರುಚಿಯನ್ನು ಯಾರೂ ನೋಡುವಂತಿಲ್ಲವಾದ್ದರಿಂದ ನಮಗಾರಿಗೂ ಗೊತ್ತಾಗಿರಲಿಲ್ಲ.

“ಪುಣೇದಾಗ ಹಿಂಗ ಉಣ್ತಾರೇನೋ?” ಎಂದು ಪಕ್ಕೀರಪ್ಪ ಕೇಳಿದ.

“ನಮ್ಮವ್ವ ಇದ್ದಿದ್ರ” ಎಂದು ಓಬಳೆಪ್ಪ ಶುರುಮಾಡಿದ, “ನಮ್ಮವ್ವ ಇದ್ದಿದ್ರ ಇವನ್ನ ಸೌಟಿಲೆ...” ಮಾತು ಮುಗಿಯಲಿಲ್ಲ. ಮುಖ ಕಿವುಚಿ, ಎರಡೂ ಕೈಯಿಂದ ಪಕ್ಕೀರಪ್ಪನ ತೋಳು ಹಿಡಿದುಕೊಂಡು, ಹುಡುಗರ ಹಾಗೆ ಬಾಯಿ ತೆರೆದು ಅತ್ತ. ಪಕ್ಕೀರಪ್ಪ ಎಂಜಲು ಕೈಯನ್ನು ದೂರ ಹಿಡಿದು, ಇನ್ನೊಂದು ಕೈಯಿಂದ ಅವನ ಬೆನ್ನು ಸವರುತ್ತ, “ಅಳು, ಅಳು” ಎನ್ನುತ್ತಿದ್ದ. ಅವನೂ ಅಳುತ್ತಿದ್ದ. ಹೆಂಗಸರೆಲ್ಲ ದನಿ ತೆಗೆದರು. ನಾನೂ ಅತ್ತೆ.

ಓಬಳೆಪ್ಪನ ಹೆಂಡತಿ ಉಪ್ಪಿನ ಭರಣಿ ತಂದಿಟ್ಟಳು. ಮಾವ ಡಬರಿಗೆ ಉಪ್ಪು ಹಾಕಿ ತಿರುವಿ, ಸೌಟನ್ನು ಮಗನ ಕೈಗೆ ಕೊಟ್ಟರು. ಮನೆಯವರು ಕೂತರು. ಬಾಗಿಲಲ್ಲಿ ನಿಂತಿದ್ದ ಆಚೆ ಓಣಿಯವರನ್ನೂ ಯಾರೋ ಕೈಹಿಡಿದು ಕೂರಿಸಿದರು. ಅವರೂ ಬೆಳಗಿನಿಂದ ಉಂಡಿರಲಿಲ್ಲ. ಪಡಸಾಲೆ ತುಂಬಿ ಕಟ್ಟೆಗೆ ಬಂತು, ಕಟ್ಟೆ ತುಂಬಿ ಅಂಗಳಕ್ಕೆ ಬಂತು. ಖಾನಾವಳಿಯಲ್ಲಿದ್ದ ರೊಟ್ಟಿಯನ್ನೆಲ್ಲ ತರಿಸಿದೆವು. ರಫೀ ಬಗ್ಗಿ ಬಗ್ಗಿ ಬಡಿಸಿದ. ಬಹಳ ಜನ ಅವನಿಗೆ ಮುಖ ಕೊಡಲಿಲ್ಲ, ಬೆಳಗಿನ ಸಿಟ್ಟು ಅವರಿಗಿತ್ತು. ಆದರೆ ತಟ್ಟೆ ಮಾತ್ರ ಮುಂದೆ ಹಿಡಿದರು.

ಎಲ್ಲ ಮುಗಿದು ನಾವು ಹೊರಟಾಗ ಓಬಳೆಪ್ಪ ಕಟ್ಟೆಯ ಮೇಲಿನಿಂದ ಕರೆದ. ಪಕ್ಕದಲ್ಲಿ ಪಕ್ಕೀರಪ್ಪ ಕೂತಿದ್ದ.

“ರಫೀ, ನಮ್ಮವ್ವನ ಮೂರನೇ ದಿನದ ಅಡಿಗಿ ನೀನ ಮಾಡು.”

ರಫೀ ಕೈಯಲ್ಲಿದ್ದ ಖಾಲಿ ಡಬರಿಯನ್ನು ಕೆಳಗಿಟ್ಟು ತಿರುಗಿದ.

“ಹೂಂ ಅನ್ನಲೇ” ಎಂದ ಪಕ್ಕೀರಪ್ಪ. “ಉಪ್ಪ ನಾ ಬಂದು ನೋಡ್ತೀನಿ.”